ಮಗುವಿನ ಸೊಂಟದ ಕೀಲು: ಆರೈಕೆ, ಚಿಕಿತ್ಸೆ ಮತ್ತು ಮೂಳೆಯ ಹಾನಿ (ಸಿಂಧನೂರಿನ ಆರ್.ಎಚ್. ಕ್ಯಾಂಪ್ ಪರಿಸರದ ಹಿನ್ನೆಲೆಯಲ್ಲಿ ಒಂದು ಚಾರಿತ್ರಿಕ ವಿವೇಚನೆ)

ಪೀಠಿಕೆ

ಎಳೆಯ ಮಗುವನ್ನು ಎರೆಯುವ, ಬಟ್ಟೆಯಲ್ಲಿ ಸುತ್ತಿ ಮಲಗಿಸುವ, ಎತ್ತಿಕೊಂಡು ತಿರುಗುವ ಪದ್ಧತಿಗಳನ್ನು ಜಾನಪದ ಅಧ್ಯಯನವು ಬಹುಮಟ್ಟಿಗೆ ಆಚರಣೆ, ಹಾಡು ಮತ್ತು ನಂಬಿಕೆಗಳ ಚೌಕಟ್ಟಿನಲ್ಲಿಯೇ ದಾಖಲಿಸುತ್ತ ಬಂದಿದೆ. ಈ ಪದ್ಧತಿಗಳು ಬೆಳೆಯುತ್ತಿರುವ ಮೂಳೆಯ ಮೇಲೆ ಯಾವ ಪರಿಣಾಮ ಬೀರುತ್ತವೆ ಎಂಬ ಪ್ರಶ್ನೆಯನ್ನು ವೈದ್ಯಶಾಸ್ತ್ರಕ್ಕೆ ಬಿಟ್ಟುಕೊಡಲಾಗಿದೆ. ವೈದ್ಯಶಾಸ್ತ್ರವಾದರೋ ತನ್ನ ಕೋಣೆಗೆ ಬಂದ ಮಗುವನ್ನು ಪರೀಕ್ಷಿಸುತ್ತದೆಯೇ ಹೊರತು ಆ ಮಗು ಹಿಂದಿನ ಆರು ತಿಂಗಳು ಯಾರ ತೊಡೆಯ ಮೇಲೆ, ಯಾವ ಜೋಲಿಯಲ್ಲಿ, ಯಾವ ಭಂಗಿಯಲ್ಲಿ ಬೆಳೆಯಿತೆಂಬುದನ್ನು ವಿವರವಾಗಿ ಬರೆದಿಡುವುದು ಅಪರೂಪ. ಈ ಎರಡು ಶಿಸ್ತುಗಳ ನಡುವೆ ಉಳಿದುಹೋಗಿರುವ ವಿಷಯಗಳಲ್ಲಿ ಮಕ್ಕಳ ಸೊಂಟದ ಕೀಲು ತಪ್ಪುವಿಕೆ ಒಂದು.

ಹುಟ್ಟಿನಿಂದ ಅಥವಾ ಹುಟ್ಟಿದ ಕೆಲವೇ ತಿಂಗಳಲ್ಲಿ ತೊಡೆಮೂಳೆಯ ತಲೆಯು ತನ್ನ ಬಟ್ಟಲಿನಿಂದ ಜಾರಿರುವ ಸ್ಥಿತಿ ಇದು. ಜಾರಿದ ಕೀಲನ್ನು ಕೂಡಿಸುವ ಚಿಕಿತ್ಸೆಯೇ ಕೆಲವು ಮಕ್ಕಳಲ್ಲಿ ತೊಡೆಮೂಳೆಯ ತಲೆಗೆ ರಕ್ತ ತಪ್ಪಿಸಿ, ಮೂಳೆ ಸಾಯುವುದಕ್ಕೆ ಕಾರಣವಾಗಿದೆ ಎಂಬುದು ಈ ಚಿಕಿತ್ಸೆಯ ಚರಿತ್ರೆಯ ಕಹಿ ಸತ್ಯ. ಇದನ್ನು ವೈದ್ಯರು ‘ಅವ್ಯಾಸ್ಕುಲರ್ ನೆಕ್ರೋಸಿಸ್’ ಎನ್ನುತ್ತಾರೆ. ಈ ಹಾನಿ ಹೇಗೆ ಅರಿವಿಗೆ ಬಂತು, ಅದನ್ನು ತಗ್ಗಿಸುವ ಭಂಗಿಯನ್ನು ವೈದ್ಯಶಾಸ್ತ್ರ ಹೇಗೆ ಕಂಡುಕೊಂಡಿತು, ಆ ಭಂಗಿಗೂ ನಮ್ಮ ಹೆಂಗಸರು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಳ್ಳುವ ರೀತಿಗೂ ಇರುವ ಸಾಮ್ಯವೇನು, ಆ ಸಾಮ್ಯದ ಮಿತಿ ಯಾವುದು ಎಂಬ ಅಂಶಗಳನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ಪ್ರದೇಶದ ಸ್ವರೂಪ

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ಸೀಮೆ ಮೂಲತಃ ಜೋಳ ಬೆಳೆಯುವ ಒಣಭೂಮಿ. 1953ರಿಂದ ತುಂಗಭದ್ರಾ ಜಲಾಶಯದ ನೀರು ದೊರೆಯತೊಡಗಿದ ಮೇಲೆ ಎಡದಂಡೆ ಕಾಲುವೆಯ ಕೆಳಗಿನ ಊರುಗಳು ಕ್ರಮೇಣ ಭತ್ತದ ನಾಡಾದವು. ಕಾಲುವೆಯ ಬೆನ್ನಿಗೇ ಆಂಧ್ರದ ಕರಾವಳಿಯಿಂದ ಬಂದ ರೈತರು ಬೀಡುಬಿಟ್ಟ ಸ್ಥಳಗಳು ‘ಕ್ಯಾಂಪ್’ ಎಂಬ ಹೆಸರು ಪಡೆದವು. 1970ರ ಆಸುಪಾಸಿನಲ್ಲಿ ಅಂದಿನ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಸಿಂಧನೂರು ತಾಲ್ಲೂಕಿನಲ್ಲಿ ನೆಲೆ ಕಲ್ಪಿಸಿತು. ಈ ಪುನರ್ವಸತಿ ನೆಲೆಗಳೇ ಇಂದು ಆರ್.ಎಚ್. ಕ್ಯಾಂಪ್‍ಗಳೆಂದು, ಒಂದೊಂದಕ್ಕೂ ಒಂದೊಂದು ಸಂಖ್ಯೆಯೊಡನೆ ಕರೆಯಲ್ಪಡುತ್ತಿವೆ. ತಾತ್ಕಾಲಿಕ ಬೀಡನ್ನು ಸೂಚಿಸುವ ಶಬ್ದವೊಂದು ಶಾಶ್ವತ ಊರಿನ ಹೆಸರಾಗಿ ನಿಂತಿರುವುದು ಈ ಸೀಮೆಯ ವೈಶಿಷ್ಟ್ಯ.

ಹೀಗೆ ಒಂದೇ ಕಾಲುವೆಯ ನೀರನ್ನು ಆಶ್ರಯಿಸಿ ಕನ್ನಡ, ತೆಲುಗು ಮತ್ತು ಬಂಗಾಳಿ ಮಾತಾಡುವ ಮನೆಗಳು, ಲಂಬಾಣಿ ತಾಂಡಾಗಳು ಅಕ್ಕಪಕ್ಕದಲ್ಲಿ ಬಾಳುತ್ತಿವೆ. ಮಗುವಿನ ಆರೈಕೆಯಲ್ಲಿ ಇವುಗಳ ವಾಡಿಕೆಗಳು ಬೇರೆ ಬೇರೆ. ಆದರೆ ಭತ್ತದ ನಾಟಿ ಮತ್ತು ಕಳೆಯ ಕಾಲದಲ್ಲಿ ಕೂಲಿಯ ಹೆಂಗಸು ಕೂಸನ್ನು ಗದ್ದೆಯ ಬದುವಿಗೆ ಒಯ್ಯಬೇಕಾದ ಅನಿವಾರ್ಯತೆ ಎಲ್ಲರಿಗೂ ಒಂದೇ. ಕೂಸನ್ನು ಹೇಗೆ ಎತ್ತಿಕೊಳ್ಳಬೇಕು, ಎಲ್ಲಿ ಮಲಗಿಸಬೇಕು ಎಂಬುದು ಇಲ್ಲಿ ಸಂಪ್ರದಾಯದ ಪ್ರಶ್ನೆಯಷ್ಟೇ ಅಲ್ಲ, ದುಡಿಮೆಯ ಪ್ರಶ್ನೆಯೂ ಹೌದು. ಆದ್ದರಿಂದ ಪ್ರಸ್ತುತ ವಿಷಯದ ವಿವೇಚನೆಗೆ ಈ ಪರಿಸರ ಯುಕ್ತವಾದ ಹಿನ್ನೆಲೆಯನ್ನು ಒದಗಿಸುತ್ತದೆ.

ಕೀಲು, ಕಾಯಿಲೆ ಮತ್ತು ಹೆಸರು

ಸೊಂಟದ ಕೀಲು ಬಟ್ಟಲು ಮತ್ತು ಗುಂಡಿನ ರಚನೆಯುಳ್ಳದ್ದು. ಚಪ್ಪೆಯ ಮೂಳೆಯಲ್ಲಿ ಬಟ್ಟಲಿನಂತಹ ಕುಳಿಯಿದ್ದು, ತೊಡೆಮೂಳೆಯ ದುಂಡನೆಯ ತಲೆ ಅದರೊಳಗೆ ಕುಳಿತು ತಿರುಗುತ್ತದೆ. ಹುಟ್ಟಿದ ಮಗುವಿನಲ್ಲಿ ಈ ತಲೆ ಇನ್ನೂ ಮೂಳೆಯಾಗಿರದೆ ಮೃದ್ವಸ್ಥಿಯಾಗಿರುತ್ತದೆ. ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳ ನಡುವೆ ಅದರೊಳಗೆ ಮೂಳೆಯ ಕೇಂದ್ರ ಕಾಣಿಸಿಕೊಳ್ಳುತ್ತದೆ. ತಲೆ ಬಟ್ಟಲಿನೊಳಗೆ ಕುಳಿತು ಒತ್ತುತ್ತಿದ್ದರೆ ಬಟ್ಟಲು ಆಳವಾಗಿ ಬೆಳೆಯುತ್ತದೆ. ತಲೆ ಹೊರಗುಳಿದರೆ ಬಟ್ಟಲು ತಟ್ಟೆಯಂತೆ ಚಪ್ಪಟೆಯಾಗುತ್ತದೆ. ಒಂದನ್ನೊಂದು ರೂಪಿಸುವ ಈ ಸಂಬಂಧವೇ ಮೊದಲ ತಿಂಗಳುಗಳಿಗೆ ಇಷ್ಟು ಮಹತ್ವ ತಂದುಕೊಟ್ಟಿದೆ.

ಈ ತೊಂದರೆ ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಲ್ಲಿ ಹಲವು ಪಟ್ಟು ಹೆಚ್ಚು. ಗರ್ಭದಲ್ಲಿ ಕುಂಡೆ ಕೆಳಗಾಗಿದ್ದ ಕೂಸುಗಳಲ್ಲಿ, ಚೊಚ್ಚಲು ಮಕ್ಕಳಲ್ಲಿ, ಮನೆತನದಲ್ಲಿ ಇದೇ ತೊಂದರೆ ಇದ್ದವರಲ್ಲಿ ಸಂಭವ ಅಧಿಕ. ಬಲಗಡೆಗಿಂತ ಎಡಗಡೆಯ ಕೀಲಿನಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಇದನ್ನು ಬಹುಕಾಲ ‘ಜನ್ಮಜಾತ ಕೀಲು ತಪ್ಪುವಿಕೆ’ ಎಂದೇ ಕರೆಯಲಾಗುತ್ತಿತ್ತು. ಹುಟ್ಟುವಾಗ ಸಡಿಲವಷ್ಟೇ ಆಗಿದ್ದ ಕೀಲು ಅನಂತರ ಜಾರುವುದೂ ಉಂಟೆಂಬ ಕಾರಣದಿಂದ 1989ರಲ್ಲಿ ಬೆಲ್‍ಗ್ರೇಡಿನ ಪ್ರೆಡ್ರಾಗ್ ಕ್ಲಿಸಿಚ್ ಆ ಹೆಸರು ದಾರಿತಪ್ಪಿಸುವಂಥದ್ದೆಂದು ವಾದಿಸಿದನು. ಅಂದಿನಿಂದ ‘ಬೆಳವಣಿಗೆಯ ಹಂತದ ಕೀಲುದೋಷ’ ಎಂಬ ಅರ್ಥದ ಹೆಸರು ರೂಢಿಗೆ ಬಂತು. ಹೆಸರಿನ ಈ ಬದಲಾವಣೆಯಲ್ಲಿ ಒಂದು ತತ್ವವಿದೆ: ಕೀಲಿನ ಭವಿಷ್ಯ ಹುಟ್ಟಿನೊಂದಿಗೇ ಮುಗಿದುಹೋಗುವುದಿಲ್ಲ, ಹುಟ್ಟಿದ ಮೇಲಿನ ಆರೈಕೆಗೂ ಅದರಲ್ಲಿ ಪಾಲಿದೆ.

ಜನಪದರ ಮಾತಿನಲ್ಲಿ ಈ ಕಾಯಿಲೆಗೆ ಪ್ರತ್ಯೇಕ ಹೆಸರಿಲ್ಲ ಎಂಬುದನ್ನು ಗಮನಿಸಬೇಕು. ಕಾಲೆಳೆದು ನಡೆಯುವ ಎಲ್ಲ ಮಕ್ಕಳಿಗೂ ‘ಕುಂಟು’ ಎಂಬ ಒಂದೇ ಶಬ್ದ ಸಲ್ಲುತ್ತಿತ್ತು. ಪೋಲಿಯೋ ವ್ಯಾಪಕವಾಗಿದ್ದ ಕಾಲದಲ್ಲಿ ಕುಂಟಿಗೆಲ್ಲ ಪೋಲಿಯೋವೇ ಕಾರಣವೆಂಬ ಊಹೆ ಸಹಜವಾಗಿತ್ತು. ಭಾರತದಲ್ಲಿ ಪೋಲಿಯೋದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ವರದಿಯಾಗಿ, 2014ರ ಮಾರ್ಚ್‌ನಲ್ಲಿ ದೇಶ ಪೋಲಿಯೋಮುಕ್ತವೆಂದು ಘೋಷಿತವಾಯಿತು. ಆ ಊಹೆಗೆ ಈಗ ಆಧಾರವಿಲ್ಲ. ಕುಂಟಿನ ಉಳಿದ ಕಾರಣಗಳನ್ನು ಬಿಡಿಸಿ ನೋಡಬೇಕಾದ ಹೊಣೆ ಇದರಿಂದ ಹೆಚ್ಚಿದೆ.

ಕರ್ನಾಟಕದಲ್ಲಿ ಇಂತಹ ಬಿಡಿಸಿ ನೋಡುವಿಕೆಗೆ ಎರಡು ಪ್ರಸಿದ್ಧ ನಿದರ್ಶನಗಳಿವೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುಭಾಗದಲ್ಲಿ ಬೆಳಕಿಗೆ ಬಂದ ಸೊಂಟ ಮತ್ತು ಮಂಡಿಯ ಕಾಯಿಲೆಯು ದಲಿತ ಸಮುದಾಯಗಳ ಕುಟುಂಬಗಳನ್ನು ಬಾಧಿಸಿತು. ಗದ್ದೆಯ ಏಡಿ ಮತ್ತು ಕೀಟನಾಶಕಗಳ ಮೇಲೆ ಮೊದಲು ಶಂಕೆ ಮೂಡಿತ್ತಾದರೂ ಅದು ವಂಶಪಾರಂಪರ್ಯವಾಗಿ ಬರುವ ಮೂಳೆಯ ಬೆಳವಣಿಗೆಯ ದೋಷವೆಂದು ಅನಂತರದ ಅಧ್ಯಯನಗಳು ತೋರಿಸಿದವು. ಎರಡನೆಯದು ಪರ್ಥಿಸ್ ಕಾಯಿಲೆ. 1910ರಲ್ಲಿ ಅಮೆರಿಕದ ಲೆಗ್, ಫ್ರಾನ್ಸಿನ ಕಾಲ್ವೆ ಮತ್ತು ಜರ್ಮನಿಯ ಪರ್ಥಿಸ್ ಬೇರೆ ಬೇರೆಯಾಗಿ ವರ್ಣಿಸಿದ ಈ ಕಾಯಿಲೆಯಲ್ಲಿ ಯಾವ ಚಿಕಿತ್ಸೆಯೂ ಆಗಿರದ ಮಗುವಿನ ತೊಡೆಮೂಳೆಯ ತಲೆಗೆ ತಾನಾಗಿಯೇ ರಕ್ತ ತಪ್ಪುತ್ತದೆ. ಕರ್ನಾಟಕದ ಕರಾವಳಿಯ ಮಕ್ಕಳಲ್ಲಿ ಇದು ಗಮನಾರ್ಹವಾಗಿರುವುದನ್ನು ಮಣಿಪಾಲದ ಬೆಂಜಮಿನ್ ಜೋಸೆಫ್ ಮತ್ತು ಸಂಗಡಿಗರು 1988ರಿಂದ ಪ್ರಕಟಿಸಿದ ಅಧ್ಯಯನಗಳು ಸ್ಪಷ್ಟಪಡಿಸಿವೆ. ಹಂದಿಗೋಡಿನ ಕಾಯಿಲೆ ರಕ್ತಸಂಬಂಧದಿಂದ ಬಂದದ್ದು. ಪರ್ಥಿಸ್‍ನ ಮೂಲಕಾರಣ ಪೂರ್ಣವಾಗಿ ತಿಳಿದಿಲ್ಲ. ಆದರೆ ಕೀಲು ಕೂಡಿಸಿದ ಮೇಲೆ ಬರುವ ಮೂಳೆಯ ಹಾನಿಗೆ ಮುಖ್ಯ ಕಾರಣ ಮನುಷ್ಯನ ಕೈಯೇ ಆಗಿದೆ. ಆದ್ದರಿಂದ ಅದಕ್ಕೊಂದು ಚರಿತ್ರೆಯಿದೆ.

ಎಳೆದು ಕೂಡಿಸಿದ ಕಾಲ

ಜಾರಿದ ಕೀಲನ್ನು ಎಳೆದು ಕೂಡಿಸುವ ವಿದ್ಯೆ ಪ್ರಾಚೀನವಾದದ್ದು. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ ಮೂರನೆಯ ಅಧ್ಯಾಯ ಮುರಿದ ಮೂಳೆ ಹಾಗೂ ತಪ್ಪಿದ ಸಂಧಿಗಳಿಗೆ ಮೀಸಲಾಗಿದೆ. ತೊಡೆಮೂಳೆ ಜಾರಿದಾಗ ಚಕ್ರದ ಸಹಾಯದಿಂದ ಎಳೆಯುವುದನ್ನೂ, ಅನಂತರ ರೋಗಿ ಅಲುಗದಂತೆ ಗೂಟಗಳುಳ್ಳ ಹಲಗೆಯ ಮೇಲೆ ಮಲಗಿಸುವ ‘ಕಪಾಟಶಯನ’ವನ್ನೂ ಅದು ಹೇಳುತ್ತದೆ. ಗ್ರೀಸಿನ ಹಿಪ್ಪೊಕ್ರೆಟಿಸ್‍ನ ಹೆಸರಿನಲ್ಲಿರುವ ಕೀಲುಗಳ ಕುರಿತ ಗ್ರಂಥದಲ್ಲಿ ಗರ್ಭದಲ್ಲಿಯೇ ಕೀಲು ತಪ್ಪಿದವರ ಪ್ರಸ್ತಾಪವಿದೆ. ನಮ್ಮ ಹಳ್ಳಿಗಳಲ್ಲಿ ಎಲುಬು ಕೂಡಿಸುವ ನಾಟಿ ವೈದ್ಯರು ಬಿದ್ದು ಉಳುಕಿದ, ಮುರಿದ ಕೈಕಾಲುಗಳಿಗೆ ಪಟ್ಟು ಹಾಕಿ ಕಟ್ಟುವುದರಲ್ಲಿ ನುರಿತವರು. ಆದರೆ ಹುಟ್ಟಿನಿಂದ ಜಾರಿದ ಕೀಲು ಪೆಟ್ಟಿನಿಂದ ತಪ್ಪಿದ ಕೀಲಿನಂತಲ್ಲ. ಅದರ ಬಟ್ಟಲೇ ಬೆಳೆದಿರುವುದಿಲ್ಲ, ಸ್ನಾಯುಗಳು ಗಿಡ್ಡವಾಗಿರುತ್ತವೆ. ಈ ಭೇದ ತಿಳಿಯದೆ ಎಳೆಯುವುದರಲ್ಲಿ ಅಪಾಯವಿದೆ.

ಯೂರೋಪಿನಲ್ಲಿಯೂ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದವರೆಗೆ ಈ ಕಾಯಿಲೆಗೆ ಮದ್ದಿಲ್ಲವೆಂದೇ ಭಾವಿಸಲಾಗಿತ್ತು. 1826ರಲ್ಲಿ ಇದನ್ನು ವಿಶದವಾಗಿ ವರ್ಣಿಸಿದ ಪ್ಯಾರಿಸ್ಸಿನ ಡ್ಯುಪ್ಯುಟ್ರೆನ್ ಗುಣಪಡಿಸುವ ಆಸೆ ತೋರಲಿಲ್ಲ. ಲಿಯಾನಿನ ಪ್ರವಾಜ್ 1847ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತಿಂಗಳುಗಟ್ಟಲೆ ಎಳೆತಕ್ಕೊಳಪಡಿಸಿ ಕೀಲನ್ನು ಕೂಡಿಸುವ ಕ್ರಮವನ್ನು ವಿವರಿಸಿದನು. ಶತಮಾನದ ಕೊನೆಯಲ್ಲಿ ಇಟಲಿಯ ಪಾಚಿ ಮತ್ತು ವಿಯೆನ್ನಾದ ಅಡಾಲ್ಫ್ ಲೊರೆನ್ಸ್ ಕೈಯಿಂದಲೇ ಕೂಡಿಸುವ ವಿಧಾನವನ್ನು ಬಳಕೆಗೆ ತಂದರು. ಶಸ್ತ್ರಚಿಕಿತ್ಸೆಯಲ್ಲಿ ಬಳಸುತ್ತಿದ್ದ ಕಾರ್ಬಾಲಿಕ್ ಆಮ್ಲ ಲೊರೆನ್ಸನ ಚರ್ಮಕ್ಕೆ ಒಗ್ಗದೆ ಹೋದದ್ದರಿಂದ ಅವನು ಚಾಕು ಬಿಟ್ಟು ‘ರಕ್ತವಿಲ್ಲದ ಶಸ್ತ್ರಚಿಕಿತ್ಸೆ’ಯ ಕಡೆ ತಿರುಗಿದ್ದನು.

ಲೊರೆನ್ಸನ ವಿಧಾನದಲ್ಲಿ ಮಗುವಿಗೆ ಪ್ರಜ್ಞೆ ತಪ್ಪಿಸಿ, ತೊಡೆಯನ್ನು ಬಲವಾಗಿ ಅಗಲಿಸಿ ತಲೆಯನ್ನು ಬಟ್ಟಲಿಗೆ ಸೇರಿಸಲಾಗುತ್ತಿತ್ತು. ಬಳಿಕ ಎರಡು ತೊಡೆಗಳೂ ಕಪ್ಪೆಯ ಕಾಲಿನಂತೆ ಪಕ್ಕಕ್ಕೆ ಪೂರ್ತಿ ಅಗಲವಾಗಿರುವಂತೆ ತಿಂಗಳುಗಟ್ಟಲೆ ಪ್ಲಾಸ್ಟರ್ ಹಾಕಲಾಗುತ್ತಿತ್ತು. 1902ರಲ್ಲಿ ಷಿಕಾಗೋದ ಶ್ರೀಮಂತ ಮಾಂಸೋದ್ಯಮಿ ಆರ್ಮರ್‌ನ ಮಗಳು ಲೊಲಿಟಾಳ ಚಿಕಿತ್ಸೆಗಾಗಿ ಲೊರೆನ್ಸ್ ಅಮೆರಿಕಕ್ಕೆ ಹೋದನು. ಅಲ್ಲಿನ ನಗರಗಳಲ್ಲಿ ಬಡಮಕ್ಕಳಿಗೂ ಚಿಕಿತ್ಸೆ ನೀಡಿ ತೋರಿಸಿದ್ದರಿಂದ ಅವನ ಕೀರ್ತಿ ಪತ್ರಿಕೆಗಳಲ್ಲಿ ಹರಡಿತು. ಗುಣವಾಗದೆಂದು ಕೈಬಿಟ್ಟಿದ್ದ ಮಕ್ಕಳು ನಡೆಯತೊಡಗಿದ್ದು ನಿಜವಾದ ಸಾಧನೆಯೇ. ಆದರೆ ಬಲಪ್ರಯೋಗದಿಂದ ತೊಡೆಮೂಳೆ ಮುರಿಯುವುದು, ನರಕ್ಕೆ ಪೆಟ್ಟಾಗುವುದು ಕೂಡಲೇ ಕಂಡುಬಂದ ತೊಂದರೆಗಳಾಗಿದ್ದವು. ಮೂಳೆ ಸಾಯುವ ತೊಂದರೆಯಾದರೋ ವರ್ಷಗಳ ತರುವಾಯ ಕಾಣಿಸಿಕೊಂಡಿತು.

1895ರಲ್ಲಿ ರಾಂಟ್ಜನ್ ಕಂಡುಹಿಡಿದ ಕ್ಷಕಿರಣ ಇಲ್ಲದಿದ್ದರೆ ಈ ಹಾನಿ ಇನ್ನೂ ಬಹುಕಾಲ ಮರೆಯಲ್ಲಿಯೇ ಇರುತ್ತಿತ್ತೆನ್ನಬಹುದು. ಸರಿಯಾಗಿ ಕೂಡಿಕೊಂಡ ಕೀಲಿನಲ್ಲಿಯೂ ತಲೆಯ ಮೂಳೆ ಚೂರುಚೂರಾಗಿ, ಚಪ್ಪಟೆಯಾಗಿ ಕಾಣುವುದು ಚಿತ್ರಗಳಿಂದ ತಿಳಿಯಿತು. ಅದು ಪರ್ಥಿಸ್ ಕಾಯಿಲೆಯ ಚಿತ್ರವನ್ನೇ ಹೋಲುತ್ತಿದ್ದುದರಿಂದ ಕಾಯಿಲೆ ಯಾವುದು, ಚಿಕಿತ್ಸೆಯ ಫಲ ಯಾವುದು ಎಂಬ ಗೊಂದಲ ಕೆಲಕಾಲ ಉಳಿಯಿತು. ಸ್ವೀಡನ್ನಿನ ಎರಿಕ್ ಸೆವೆರಿನ್ 1941ರಲ್ಲಿ ಕೈಯಿಂದ ಕೂಡಿಸಿದ ಕೀಲುಗಳ ದೀರ್ಘಕಾಲದ ಪರಿಣಾಮವನ್ನು ಪ್ರಕಟಿಸಿದ ಮೇಲೆ, ಕೂಡಿಸಿದ ದಿನದ ಚಿತ್ರವಲ್ಲ, ಮಗು ಬೆಳೆದ ಮೇಲಿನ ಚಿತ್ರವೇ ಚಿಕಿತ್ಸೆಯ ಅಳತೆಗೋಲೆಂಬ ತಿಳಿವಳಿಕೆ ಗಟ್ಟಿಯಾಯಿತು.

ಮೂಳೆ ಸಾಯುವ ಬಗೆ

ತೊಡೆಮೂಳೆಯ ತಲೆಗೆ ರಕ್ತ ತರುವ ಮುಖ್ಯ ನಾಳದ ಕವಲುಗಳು ಮೂಳೆಯ ಕತ್ತಿನ ಮೇಲ್ಮೈಗೆ ಅಂಟಿಕೊಂಡು ಮೇಲೇರುತ್ತವೆ. ಬೆಳೆಯುವ ವಯಸ್ಸಿನಲ್ಲಿ ಈ ರಕ್ತಪೂರೈಕೆ ಹೇಗೆ ಬದಲಾಗುತ್ತದೆಂಬುದನ್ನು ಟ್ರುಯೆಟಾ 1957ರಲ್ಲಿ ತೋರಿಸಿಕೊಟ್ಟನು. ತೊಡೆಯನ್ನು ಮಿತಿಮೀರಿ ಅಗಲಿಸಿ ಕಟ್ಟಿದಾಗ ಈ ಕವಲುಗಳು ಬಟ್ಟಲಿನ ಅಂಚಿಗೂ ಮೂಳೆಯ ಕತ್ತಿಗೂ ನಡುವೆ ಸಿಕ್ಕಿ ಅಮುಕಿಹೋಗುತ್ತವೆ. ಬಿಗಿದ ಸ್ನಾಯುಗಳು ಮೃದುವಾದ ತಲೆಯನ್ನು ಬಟ್ಟಲಿಗೆ ಒತ್ತುವುದರಿಂದ ಒಳಗಿನ ಸೂಕ್ಷ್ಮ ನಾಳಗಳೂ ಮುಚ್ಚುತ್ತವೆ. ಪ್ಲಾಸ್ಟರಿನೊಳಗಿನ ಮಗು ಕಾಲು ಕದಲಿಸಲಾರದು. ಆ ಒತ್ತಡಕ್ಕೆ ಬಿಡುವಿಲ್ಲ.

ಟೊರಾಂಟೊದ ರಾಬರ್ಟ್ ಸಾಲ್ಟರ್ ಮತ್ತು ಸಂಗಡಿಗರು 1969ರಲ್ಲಿ ಪ್ರಕಟಿಸಿದ ಅಧ್ಯಯನ ಈ ಚರಿತ್ರೆಯ ತಿರುವು. ಹಂದಿಮರಿಗಳ ಮೇಲಿನ ಪ್ರಯೋಗಗಳನ್ನೂ ಮಕ್ಕಳ ಚಿಕಿತ್ಸೆಯ ದಾಖಲೆಗಳನ್ನೂ ಆಧರಿಸಿ, ಮೂಳೆಯ ಸಾವು ಮೂಲ ಕಾಯಿಲೆಯ ಭಾಗವಲ್ಲ, ಚಿಕಿತ್ಸೆಯಿಂದ ಉಂಟಾದದ್ದು ಎಂದು ಅವರು ನಿರೂಪಿಸಿದರು. ಅದನ್ನು ಗುರುತಿಸುವ ಲಕ್ಷಣಗಳನ್ನೂ ಪಟ್ಟಿಮಾಡಿದರು: ಕೀಲು ಕೂಡಿಸಿ ಒಂದು ವರ್ಷವಾದರೂ ಮೂಳೆಯ ಕೇಂದ್ರ ಕಾಣಿಸದಿರುವುದು, ಕಂಡ ಕೇಂದ್ರ ಒಂದು ವರ್ಷ ಬೆಳೆಯದಿರುವುದು, ಮೂಳೆಯ ಕತ್ತು ಅಗಲವಾಗುವುದು, ತಲೆ ಮೊದಲು ದಟ್ಟವಾಗಿ ಕಂಡು ಅನಂತರ ಚೂರಾಗುವುದು, ಕೊನೆಗೆ ತಲೆ ಮತ್ತು ಕತ್ತಿನ ಆಕಾರ ಕೆಟ್ಟು ಉಳಿಯುವುದು. 1980ರಲ್ಲಿ ಕಲಾಂಚಿ ಮತ್ತು ಮೆಕ್‍ಯೂಎನ್ ಈ ಹಾನಿಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಮೊದಲನೆಯದರಲ್ಲಿ ತಲೆಯ ಮೂಳೆಯಷ್ಟೇ ಬಾಧಿತವಾಗಿ ಬಹುಪಾಲು ಸುಧಾರಿಸುತ್ತದೆ. ನಾಲ್ಕನೆಯದರಲ್ಲಿ ತಲೆಯೂ ಬೆಳವಣಿಗೆಯ ಪಟ್ಟಿಯೂ ಪೂರ್ತಿ ಕೆಡುತ್ತವೆ.

ಬೆಳವಣಿಗೆಯ ಪಟ್ಟಿಗೆ ತಗುಲಿದ ಹಾನಿಯ ಫಲ ಮಗು ಬೆಳೆದಂತೆ ಹೊರಬೀಳುತ್ತದೆ. ಮೂಳೆಯ ಕತ್ತು ಗಿಡ್ಡವಾಗುತ್ತದೆ, ಕಾಲುಗಳ ಉದ್ದದಲ್ಲಿ ವ್ಯತ್ಯಾಸ ಬರುತ್ತದೆ, ಕುಂಟು ಮರುಕಳಿಸುತ್ತದೆ. ಹರೆಯದಲ್ಲಿಯೋ ನಡುವಯಸ್ಸಿಗೆ ಮೊದಲೋ ಕೀಲು ಸವೆದು ನೋವು ಆರಂಭವಾಗುತ್ತದೆ. ಕೆಲವು ಬಗೆಯ ಹಾನಿ ಹತ್ತು ವರ್ಷ ವಯಸ್ಸಿನ ಆಸುಪಾಸಿನವರೆಗೂ ಚಿತ್ರದಲ್ಲಿ ಸ್ಪಷ್ಟವಾಗುವುದಿಲ್ಲ. ಆದುದರಿಂದ ಚಿಕಿತ್ಸೆ ಪಡೆದ ಮಗುವನ್ನು ಬೆಳವಣಿಗೆ ಮುಗಿಯುವವರೆಗೂ ಆಗಾಗ ಪರೀಕ್ಷಿಸುತ್ತಿರಬೇಕೆಂಬುದು ಸರ್ವಸಮ್ಮತ. ‘ಮಗು ನಡೆಯಿತು, ಇನ್ನು ಆಸ್ಪತ್ರೆ ಏಕೆ’ ಎಂಬ ಸಹಜ ಭಾವನೆ ಇಲ್ಲಿ ಮುಳುವಾಗುತ್ತದೆ.

ನಡುವಣ ಭಂಗಿಯ ಶೋಧ

ಹಾನಿಯ ಅರಿವಿನೊಂದಿಗೇ ಬಲಪ್ರಯೋಗವಿಲ್ಲದ ಚಿಕಿತ್ಸೆಯ ಹುಡುಕಾಟ ಆರಂಭವಾಯಿತು. ಇಟಲಿಯ ಫೆರಾರಾದ ಮಕ್ಕಳ ವೈದ್ಯ ಮರಿನೊ ಒರ್ಟೊಲಾನಿ 1930ರ ದಶಕದಲ್ಲಿ, ಮಗುವಿನ ತೊಡೆಯನ್ನು ಮಡಿಸಿ ಮೆಲ್ಲಗೆ ಅಗಲಿಸಿದಾಗ ಜಾರಿದ ತಲೆ ಬಟ್ಟಲಿಗೆ ಮರಳುವ ಸೂಕ್ಷ್ಮ ಸಪ್ಪಳವನ್ನು ರೋಗಲಕ್ಷಣವಾಗಿ ಸ್ಥಾಪಿಸಿದನು. ಬಟ್ಟೆ ಬದಲಿಸುವಾಗ ಆ ಸಪ್ಪಳವನ್ನು ಮೊದಲು ಕೇಳಿ ಅವನ ಗಮನಕ್ಕೆ ತಂದವಳು ಒಬ್ಬ ತಾಯಿ ಎಂಬುದು ವೈದ್ಯಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಕೀಲು ಜಾರಬಲ್ಲದೆ ಎಂಬುದನ್ನು ಪತ್ತೆಹಚ್ಚುವ ಇನ್ನೊಂದು ಪರೀಕ್ಷೆಯನ್ನು ಇಂಗ್ಲೆಂಡಿನ ಬಾರ್ಲೊ 1962ರಲ್ಲಿ ಪ್ರಕಟಿಸಿದನು. ಎರಡಕ್ಕೂ ಯಂತ್ರ ಬೇಡ, ನುರಿತ ಕೈ ಸಾಕು. 1980ರಲ್ಲಿ ಆಸ್ಟ್ರಿಯದ ಗ್ರಾಫ್ ಶ್ರವಣಾತೀತ ಧ್ವನಿಯಿಂದ, ಎಂದರೆ ಅಲ್ಟ್ರಾಸೌಂಡಿನಿಂದ, ಮೃದ್ವಸ್ಥಿಯ ಕೀಲನ್ನೂ ನೋಡುವ ದಾರಿ ತೆರೆದನು.

ಚೆಕೊಸ್ಲೊವಾಕಿಯದ ಅರ್ನಾಲ್ಡ್ ಪಾವ್ಲಿಕ್ 1946ರಲ್ಲಿ ವೈದ್ಯರ ಮುಂದಿಟ್ಟ ಪಟ್ಟಿಗಳ ಸಾಧನ ಇನ್ನೂ ಮಹತ್ವದ್ದು. ಭುಜದಿಂದ ಇಳಿಬಿಟ್ಟ ಪಟ್ಟಿಗಳು ಮಗುವಿನ ಪಾದಗಳನ್ನು ಹಿಡಿದು ಮೊಣಕಾಲನ್ನು ಮಡಿಸಿಡುತ್ತವೆ. ತೊಡೆಗಳು ತಮ್ಮ ಭಾರಕ್ಕೇ ಅಗಲುತ್ತವೆ. ಮಗು ಒದೆಯುತ್ತ ಆಡುತ್ತ ಇರುವಂತೆಯೇ ತಲೆ ತಾನಾಗಿ ಬಟ್ಟಲಿಗೆ ಕೂರುತ್ತದೆ. ಮೂಳೆಯ ಸಾವನ್ನು ತಗ್ಗಿಸುವುದೇ ಪಾವ್ಲಿಕ್‍ನ ಉದ್ದೇಶವಾಗಿತ್ತು. ಪ್ಲಾಸ್ಟರ್ ಅನಿವಾರ್ಯವಾದಾಗಲೂ ಕಪ್ಪೆಯ ಭಂಗಿಯನ್ನು ಬಿಟ್ಟು, ತೊಡೆಯನ್ನು ಚೆನ್ನಾಗಿ ಮಡಿಸಿ ಮಿತವಾಗಿ ಮಾತ್ರ ಅಗಲಿಸಬೇಕೆಂದು ಸಾಲ್ಟರ್ ಬೋಧಿಸಿದನು. ಅದಕ್ಕೆ ‘ಮಾನವ ಭಂಗಿ’ ಎಂಬ ಹೆಸರು ಬಂತು. ಕೀಲು ಜಾರದಷ್ಟು ಅಗಲ, ರಕ್ತ ನಿಲ್ಲದಷ್ಟು ಮಿತ ಎಂಬ ಎರಡು ಎಲ್ಲೆಗಳ ನಡುವಣ ಜಾಗವನ್ನು ‘ಸುರಕ್ಷಿತ ವಲಯ’ವೆಂದು 1976ರಿಂದ ಗುರುತಿಸಲಾಗುತ್ತಿದೆ. ಪಾವ್ಲಿಕ್ ಪಟ್ಟಿಯನ್ನೂ ಮಿತಿಮೀರಿ ಅಗಲಿಸಿ ಕಟ್ಟಿದರೆ ಇದೇ ಹಾನಿ ಒದಗುತ್ತದೆ ಎಂಬುದು ಈ ತತ್ವಕ್ಕೆ ಸಾಕ್ಷಿ.

ಆರೈಕೆಯ ಪದ್ಧತಿಗಳು: ಸಾಮ್ಯ ಮತ್ತು ಮಿತಿ

ಮೊಣಕಾಲು ಮಡಿಸಿ, ತೊಡೆಗಳು ಮಿತವಾಗಿ ಅಗಲಿ, ಬೆನ್ನಿಗೆ ಆಸರೆ ಸಿಕ್ಕಿ ಮಗು ಕುಳಿತಿರುವ ಈ ಭಂಗಿ ಕನ್ನಡನಾಡಿಗೆ ಹೊಸತಲ್ಲ. ಕಂಕುಳಲ್ಲಿ ಮಗುವನ್ನು ಇಟ್ಟುಕೊಂಡು ಊರೆಲ್ಲ ಹುಡುಕಿದವರ ಗಾದೆ ಎಲ್ಲರಿಗೂ ತಿಳಿದದ್ದು. ಉತ್ತರ ಕರ್ನಾಟಕದಲ್ಲಿ ಬಗಲು, ಟೊಂಕ ಎಂಬ ಮಾತುಗಳು ಕೂಸಿನ ಸ್ಥಾನವನ್ನೇ ಸೂಚಿಸುವಷ್ಟು ಬಳಕೆಯಲ್ಲಿವೆ. ಬಂಗಾಳಿಯಲ್ಲಿ ಸಂಸ್ಕೃತದ ‘ಕಕ್ಷ’ದಿಂದ ಬಂದ ‘ಕಾಂಖ್’ ಎಂಬ ಶಬ್ದ ಕೊಡವನ್ನೂ ಕೂಸನ್ನೂ ಹೊರುವ ಸೊಂಟದ ಬದಿಗೆ ಸಲ್ಲುತ್ತದೆ. ಲಂಬಾಣಿ ಹೆಂಗಸರು ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ದುಡಿಯುವುದುಂಟು. ಭಾಷೆ ಬೇರೆಯಾದರೂ ಮಗುವಿನ ತೊಡೆ ತಾಯ ಮೈಯನ್ನು ಅಪ್ಪಿ ಅಗಲಿರುವ ಭಂಗಿ ಒಂದೇ.

ಈ ಭಂಗಿಯ ಪ್ರಯೋಜನಕ್ಕೆ ಪರೋಕ್ಷ ಆಧಾರಗಳಿವೆ. ಆಫ್ರಿಕದ ಮಲಾವಿಯಲ್ಲಿ ತಾಯಂದಿರು ಕೂಸನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಾರೆ. ಅಲ್ಲಿನ ಮೂಳೆ ಆಸ್ಪತ್ರೆಯೊಂದರಲ್ಲಿ 2002ರಿಂದ 2012ರ ಅವಧಿಯಲ್ಲಿ ನೋಡಿದ ಸುಮಾರು 40,000 ಮಕ್ಕಳಲ್ಲಿ ಈ ಕಾಯಿಲೆಗೆ ಶಸ್ತ್ರಚಿಕಿತ್ಸೆ ಪಡೆದ ಮಗು ಒಂದೂ ಇರಲಿಲ್ಲವೆಂದು 2015ರಲ್ಲಿ ವರದಿಯಾಯಿತು. ಇದಕ್ಕೆ ವಿರುದ್ಧವಾಗಿ ಕೂಸಿನ ಕಾಲುಗಳನ್ನು ನೀಳವಾಗಿ ಜೋಡಿಸಿ ಕಟ್ಟುತ್ತಿದ್ದ ಜಪಾನಿನಲ್ಲಿ ಕಾಯಿಲೆ ಪ್ರತಿಶತ ಒಂದಕ್ಕೂ ಮೇಲಿತ್ತು. 1975ರ ಸುಮಾರಿನಿಂದ ನಡೆದ ಪ್ರಚಾರದಿಂದ ಆ ರೂಢಿ ತಪ್ಪಿ, ಪ್ರಮಾಣ ಪ್ರತಿಶತ 0.2ಕ್ಕಿಂತ ಕೆಳಗಿಳಿಯಿತು. ಕೂಸನ್ನು ಹಲಗೆಗೆ ಬಿಗಿಯುತ್ತಿದ್ದ ಉತ್ತರ ಅಮೆರಿಕದ ನವಾಹೊ ಜನರಲ್ಲಿಯೂ ಕಾಯಿಲೆ ಹೆಚ್ಚಾಗಿತ್ತು. ವಂಶಗುಣದ ಪಾತ್ರವನ್ನು ತಳ್ಳಿಹಾಕುವಂತಿಲ್ಲವಾದರೂ ಜಪಾನಿನಲ್ಲಿ ಒಂದೇ ಜನಾಂಗದೊಳಗೆ ರೂಢಿ ಬದಲಾದುದರಿಂದ ಆದ ಇಳಿಕೆ ಗಮನಾರ್ಹವಾದದ್ದು.

ಇಷ್ಟರಿಂದ ನಮ್ಮ ಪದ್ಧತಿ ಸರ್ವಥಾ ಸರಿಯಾದದ್ದೆಂಬ ತೀರ್ಮಾನಕ್ಕೆ ಬರುವಂತಿಲ್ಲ. ಮಗುವನ್ನು ಸೊಂಟದ ಮೇಲೆ ಕೂರಿಸುವುದು ಅದರ ಕತ್ತು ನಿಂತ ಮೇಲೆ, ಎಂದರೆ ಮೂರು ನಾಲ್ಕು ತಿಂಗಳ ತರುವಾಯ. ಕೀಲಿಗೆ ಅತ್ಯಂತ ನಿರ್ಣಾಯಕವಾದ ಕಾಲ ಅದಕ್ಕೂ ಹಿಂದಿನದು. ಆ ಕಾಲದಲ್ಲಿ ಬಾಣಂತಿಯ ಕೋಣೆಯ ರೂಢಿಗಳು ಬೇರೆ. ಎರೆಯುವ ಹಿರಿಯಳು ಕಾಲು ಚಾಚಿ ಕುಳಿತು, ತನ್ನ ಕಾಲುಗಳ ಮೇಲೆ ಕೂಸನ್ನು ಮಲಗಿಸಿ ಎಣ್ಣೆ ಹಚ್ಚಿ ತೀಡುತ್ತಾಳೆ; ಕನ್ನಡ ಮನೆಗಳಲ್ಲಿ ಹರಳೆಣ್ಣೆ, ಕೊಬ್ಬರಿ ಎಣ್ಣೆ, ಬಂಗಾಳಿಗಳಲ್ಲಿ ಸಾಸಿವೆ ಎಣ್ಣೆ. ಹದವಾಗಿ ತೀಡುವುದರಿಂದ ಕೀಲಿಗೆ ಕೇಡಿಲ್ಲ. ಕೈಕಾಲು ನೀಳವಾಗಲೆಂದು ಕಾಲನ್ನು ನೇರವಾಗಿ ಜಗ್ಗುವುದು, ಪಾದ ಹಿಡಿದು ತಲೆಕೆಳಗಾಗಿ ತೂಗುವುದು ಸಡಿಲವಾದ ಕೀಲಿಗೆ ಒಳ್ಳೆಯದಲ್ಲ. ಎರೆದಾದ ಮೇಲೆ ಕೂಸು ಬೆಚ್ಚಗೆ ನಿದ್ರಿಸಲೆಂದು ಕಾಲುಗಳನ್ನು ಜೋಡಿಸಿ ನೀಳವಾಗಿ ಬಿಗಿದು ಸುತ್ತುವುದು ಇನ್ನೂ ಹಾನಿಕರ. ಸುತ್ತುವುದನ್ನೇ ಬಿಡಬೇಕಾಗಿಲ್ಲ, ಕೈ, ಎದೆಗಳನ್ನು ಸುತ್ತಿ, ಕಾಲು ಮಡಿಸಿ ಒದೆಯುವಷ್ಟು ಸಡಿಲ ಬಿಟ್ಟರೆ ಸಾಕು.

ಹೀಗೆ ನೋಡಿದಾಗ ಮನೆಯ ತಪ್ಪಿಗೂ ಹಿಂದಿನ ಆಸ್ಪತ್ರೆಯ ತಪ್ಪಿಗೂ ಒಂದು ಸಂಬಂಧ ಕಾಣುತ್ತದೆ. ಕಾಲನ್ನು ನೀಳವಾಗಿ ಬಿಗಿಯುವುದು ಒಂದು ತುದಿ, ಬಲವಂತವಾಗಿ ಪೂರ್ತಿ ಅಗಲಿಸಿ ಕಟ್ಟುವುದು ಇನ್ನೊಂದು ತುದಿ. ಮೊದಲನೆಯದು ಕೀಲನ್ನು ಜಾರಿಸುತ್ತದೆ. ಎರಡನೆಯದು ಮೂಳೆಯನ್ನು ಕೊಲ್ಲುತ್ತದೆ. ಎರಡೂ ಮಗುವಿನ ಚಲನೆಯನ್ನು ನಿಲ್ಲಿಸುತ್ತವೆ. ತಾಯ ಸೊಂಟದ ಮೇಲಿನ ಭಂಗಿ ಇವೆರಡರ ನಡುವೆ ಇದೆ. ಆದರೆ ಅದು ಆರೈಕೆಯ ಭಂಗಿಯೇ ಹೊರತು ಜಾರಿಹೋದ ಕೀಲಿಗೆ ಚಿಕಿತ್ಸೆಯಲ್ಲ ಎಂಬುದನ್ನು ಒತ್ತಿಹೇಳಬೇಕಾಗಿದೆ.

ತಡವಾಗಿ ಕಂಡ ಕೀಲು

ಜಾರಿದ ಕೀಲು ಕೂಸಿಗೆ ನೋಯುವುದಿಲ್ಲ. ಎರಡು ತೊಡೆಗಳ ಮಡಿಕೆಗಳಲ್ಲಿ ವ್ಯತ್ಯಾಸ, ಒಂದು ತೊಡೆ ಇನ್ನೊಂದರಷ್ಟು ಅಗಲದಿರುವುದು, ಕಾಲು ಮಡಿಸಿ ಮಲಗಿಸಿದಾಗ ಒಂದು ಮಂಡಿ ತಗ್ಗಾಗಿ ಕಾಣುವುದು ಮುಂತಾದ ಕುರುಹುಗಳನ್ನು ಬಲ್ಲವರು ಮಾತ್ರ ಗುರುತಿಸುತ್ತಾರೆ. ಎರಡೂ ಕೀಲು ಜಾರಿದ್ದರೆ ಹೋಲಿಸಲು ಸರಿಯಾದ ಬದಿಯೇ ಇರದು. ಹೀಗಾಗಿ ಅನೇಕ ಮಕ್ಕಳ ತೊಂದರೆ ನಡೆಯತೊಡಗಿದ ಮೇಲೆಯೇ ಕಣ್ಣಿಗೆ ಬೀಳುತ್ತದೆ.

ಈ ವಿಳಂಬವೇ ಚಿಕಿತ್ಸೆಯ ಸ್ವರೂಪವನ್ನು ನಿರ್ಧರಿಸುತ್ತದೆ. ಆರು ತಿಂಗಳೊಳಗೆ ಪಟ್ಟಿಗಳಿಂದಲೇ ಬಹುಪಾಲು ಕೀಲುಗಳು ಸರಿಹೋಗುತ್ತವೆ. ಆರರಿಂದ ಹದಿನೆಂಟು ತಿಂಗಳ ನಡುವೆ ಪ್ರಜ್ಞೆ ತಪ್ಪಿಸಿ ಕೂಡಿಸಿ ಪ್ಲಾಸ್ಟರ್ ಹಾಕಬೇಕಾಗುತ್ತದೆ. ಅನಂತರ ಕೀಲನ್ನು ತೆರೆದು ಕೂಡಿಸುವ ಶಸ್ತ್ರಚಿಕಿತ್ಸೆ, ಹಲವೊಮ್ಮೆ ಚಪ್ಪೆಯ ಅಥವಾ ತೊಡೆಯ ಮೂಳೆಯನ್ನು ಕತ್ತರಿಸಿ ಸರಿಪಡಿಸುವ ಕ್ರಮ ಬೇಕಾಗುತ್ತದೆ. ಸಾಲ್ಟರ್ 1961ರಲ್ಲಿ ವಿವರಿಸಿದ ಚಪ್ಪೆಮೂಳೆಯ ಶಸ್ತ್ರಚಿಕಿತ್ಸೆ ಇಂಥದ್ದು. ದೊಡ್ಡ ಮಕ್ಕಳಲ್ಲಿ ತಲೆಯ ಮೇಲಿನ ಒತ್ತಡ ತಗ್ಗಿಸಲು ತೊಡೆಮೂಳೆಯನ್ನು ಸ್ವಲ್ಪ ಗಿಡ್ಡಗೊಳಿಸುವುದೂ ಉಂಟು. ಅದರ ಉದ್ದೇಶಗಳಲ್ಲಿ ಮೂಳೆಯ ಸಾವನ್ನು ತಪ್ಪಿಸುವುದೂ ಒಂದು. ಹಂತ ಏರಿದಂತೆ ಹಾನಿಯ ಸಂಭವವೂ ಏರುತ್ತದೆ. ಎಂದಮೇಲೆ ಚಿಕಿತ್ಸೆಯ ಹಾನಿಯನ್ನು ತಡೆಯುವ ಕೆಲಸ ಶಸ್ತ್ರವೈದ್ಯನಿಗಿಂತ ಮೊದಲು ಹೆರಿಗೆಯ ಕೋಣೆಯಲ್ಲಿ ಆರಂಭವಾಗುತ್ತದೆ.

ಹೆರಿಗೆಯ ಕೋಣೆಯಲ್ಲಿ ಕೂಸನ್ನು ಮೊದಲು ಮುಟ್ಟಿ ನೋಡುತ್ತಿದ್ದವಳು ಸೂಲಗಿತ್ತಿ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಸಂದ ಪದ್ಮಶ್ರೀ ಆ ಪರಂಪರೆಗೆ ಸಂದ ಗೌರವವೂ ಆಗಿದೆ. ಹೆರಿಗೆ ಆಸ್ಪತ್ರೆಗೆ ಸ್ಥಳಾಂತರಗೊಂಡ ಮೇಲೆ ಆ ಹೊಣೆ ದಾದಿಯರ, ಆಶಾ ಕಾರ್ಯಕರ್ತೆಯರ ಮೇಲೆ ಬಂದಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಹುಟ್ಟಿನಲ್ಲಿ ಪತ್ತೆಹಚ್ಚಬೇಕಾದ ದೋಷಗಳ ಪಟ್ಟಿಯಲ್ಲಿ ಸೊಂಟದ ಕೀಲಿನ ದೋಷವನ್ನೂ ಸೇರಿಸಿದೆ. ಪಟ್ಟಿಯಲ್ಲಿರುವುದು ಕೈಗೆ ಇಳಿಯಬೇಕಾದರೆ ತೊಡೆ ಮಡಿಸಿ ಅಗಲಿಸಿ ನೋಡುವ ಪರೀಕ್ಷೆ ಪ್ರತಿ ಲಸಿಕೆಯ ಭೇಟಿಯಲ್ಲಿಯೂ ನಡೆಯಬೇಕು. ಎರೆಯುವ ಹಿರಿಯಳು ದಿನವೂ ಅದೇ ತೊಡೆಗಳನ್ನು ತೀಡುವವಳು. ಎರಡು ಕಾಲುಗಳ ವ್ಯತ್ಯಾಸ ಅವಳಿಗಿಂತ ಮೊದಲು ಇನ್ನಾರಿಗೂ ತಿಳಿಯುವ ಸಂಭವವಿಲ್ಲ. ಅವಳನ್ನು ತಪ್ಪಿತಸ್ಥಳೆಂದು ನೋಡದೆ ಸಹಾಯಕಳೆಂದು ನೋಡುವುದು ಕಾರ್ಯಸಾಧುವಾದ ಮಾರ್ಗ.

ಆರ್.ಎಚ್. ಕ್ಯಾಂಪ್‍ಗಳಂತಹ ನೆಲೆಗಳಲ್ಲಿ ಇದಕ್ಕೆ ಭಾಷೆಯ ಆಯಾಮವೂ ಇದೆ. ಅಜ್ಜಿಯ ಬಂಗಾಳಿಗೂ ದಾದಿಯ ಕನ್ನಡಕ್ಕೂ ನಡುವೆ ಕೀಲಿನ ಸೂಕ್ಷ್ಮವನ್ನು ವಿವರಿಸುವ ಮಾತು ಕಳೆದುಹೋಗಬಾರದು. ಜಿಲ್ಲಾ ಕೇಂದ್ರದಲ್ಲಿ 2007ರಲ್ಲಿ ಸ್ಥಾಪಿತವಾದ ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಸಿಂಧನೂರಿನಿಂದ ಎಂಬತ್ತು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದೆ. ಪ್ಲಾಸ್ಟರ್ ಹಾಕಿದ ಮಗುವನ್ನು ಎತ್ತಿಕೊಂಡು ಅಷ್ಟು ದೂರ ಹೋಗಿಬರುವುದೆಂದರೆ ಪ್ರತಿ ಸಲವೂ ಒಂದು ದಿನದ ಕೂಲಿ ಕಳೆದುಕೊಂಡಂತೆ. ಹತ್ತಾರು ವರ್ಷ ನಡೆಯಬೇಕಾದ ಮರುಪರೀಕ್ಷೆ ಅರ್ಧಕ್ಕೆ ನಿಲ್ಲುವುದಕ್ಕೆ ಅಜ್ಞಾನಕ್ಕಿಂತ ಈ ಲೆಕ್ಕವೇ ಹೆಚ್ಚು ಕಾರಣವಾಗಬಲ್ಲದು. ಮರುಪರೀಕ್ಷೆಯ ವ್ಯವಸ್ಥೆ ತಾಲ್ಲೂಕು ಮಟ್ಟಕ್ಕೆ ಬರುವುದು ಈ ದೃಷ್ಟಿಯಿಂದ ಅಗತ್ಯ.

ಉಪಸಂಹಾರ

ಸೊಂಟದ ಕೀಲಿನ ಚಿಕಿತ್ಸೆಯ ಚರಿತ್ರೆಯಲ್ಲಿ ವೈದ್ಯಶಾಸ್ತ್ರವು ತನ್ನ ಕೈಯಿಂದಾದ ಹಾನಿಯನ್ನು ತಾನೇ ಗುರುತಿಸಿ, ಹೆಸರಿಟ್ಟು, ಕಾರಣ ಕಂಡುಕೊಂಡು ತಿದ್ದಿಕೊಂಡಿದೆ. ಲೊರೆನ್ಸನ ಕಾಲದಿಂದ ಸಾಲ್ಟರನ ಕಾಲದವರೆಗೆ ಸುಮಾರು ಏಳು ದಶಕ ಹಿಡಿದ ಈ ತಿದ್ದುಪಡಿ, ಕೂಡಿಸಿದ ಕೀಲುಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ದಾಖಲಿಸಿದ್ದರಿಂದ ಸಾಧ್ಯವಾಯಿತು. ಆರೈಕೆಯ ಜನಪದ ಪದ್ಧತಿಗಳನ್ನೂ ಅಷ್ಟೇ ನಿಷ್ಠುರವಾಗಿ, ಅಷ್ಟೇ ಗೌರವದಿಂದ ನೋಡಬೇಕಾಗಿದೆ. ಸೊಂಟದ ಮೇಲೆ ಕೂರಿಸಿಕೊಳ್ಳುವುದನ್ನು ಉಳಿಸಿಕೊಂಡು, ಕಾಲು ಜೋಡಿಸಿ ಬಿಗಿಯುವುದನ್ನು ಬಿಡಬೇಕೆಂಬ ವಿವೇಕ ಎರಡು ಜ್ಞಾನಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ ದೊರೆಯುತ್ತದೆ.

ಸಿಂಧನೂರು ಸೀಮೆಯ ಕನ್ನಡ, ತೆಲುಗು, ಬಂಗಾಳಿ ಮತ್ತು ಲಂಬಾಣಿ ಮನೆಗಳ ಶಿಶುಪಾಲನೆಯ ಪದ್ಧತಿಗಳನ್ನು, ಕೂಸಿನ ವಯಸ್ಸು ಮತ್ತು ಭಂಗಿಗಳ ವಿವರದೊಡನೆ, ಜಾನಪದ ಸಂಶೋಧಕರು ಹಾಗೂ ಮೂಳೆತಜ್ಞರು ಜೊತೆಯಾಗಿ ದಾಖಲಿಸುವುದು ಮುಂದಿನ ಅಧ್ಯಯನದ ಕರ್ತವ್ಯವಾಗಿದೆ. ಹಿರಿಯರು ತೀರಿಹೋದಂತೆ ಈ ವಿವರಗಳೂ ಮರೆಯಾಗುತ್ತಿವೆ. ಪತ್ತೆಯಾಗದೆ ಉಳಿದ ಪ್ರತಿಯೊಂದು ಕೀಲೂ ಆ ಮಗುವಿನ ಜೀವಮಾನದ ನಡಿಗೆಯನ್ನು ನಿರ್ಧರಿಸುವುದರಿಂದ ಈ ಕಾರ್ಯ ಬೇಗ ಕೈಗೊಳ್ಳತಕ್ಕದ್ದು.